ಸೂಪಾ ಸೀಮೆಗೆ ಹೋಗುವ ಕಾಲ

ಘಟ್ಟದ ಊರೊಂದಕ್ಕೆ ಹೊರಡುವ ಮನಸ್ಸು ಮಾಡಿದವರು ಮೊದಲು ಕೇಳುವ ಪ್ರಶ್ನೆ, ಅಲ್ಲಿಗೆ ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು ಎಂಬುದು. ಹಿಮಾಲಯದ ಲಾಹೌಲ್, ಸ್ಪಿತಿಗಳಂತಹ ಎತ್ತರದ ಕಣಿವೆಗಳ ವಿಷಯದಲ್ಲಿ ಈ ಪ್ರಶ್ನೆಗೆ ಪ್ರಕೃತಿಯೇ ಉತ್ತರ ಕೊಡುತ್ತಿತ್ತು. ಹಿಮ ಕರಗಿ ಕಣಿವೆಯ ಬಾಗಿಲು ತೆರೆದಾಗ ಹೋಗಬೇಕು, ಹಿಮ ಬಿದ್ದು ಬಾಗಿಲು ಮುಚ್ಚುವ ಮೊದಲು ಮರಳಬೇಕು. ನಮ್ಮ ನಾಡಿನಲ್ಲಿ ಹಿಮವಿಲ್ಲ. ಆದರೆ ವರ್ಷದಲ್ಲಿ ಹಲವು ತಿಂಗಳು ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಕಣಿವೆ ನಮ್ಮಲ್ಲಿಯೂ ಒಂದಿದೆ. ಅದು ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ಮೇಲುಕಣಿವೆ. ಹಿಂದಿನವರು ಸೂಪಾ ಸೀಮೆ ಎಂದು ಕರೆಯುತ್ತಿದ್ದ, ಇಂದು ಜೋಯಿಡಾ ತಾಲೂಕು ಎನಿಸಿಕೊಂಡಿರುವ ಪ್ರದೇಶ. ಲಾಹೌಲದ ಘಟ್ಟದಾರಿ ತೆರೆಯುತ್ತಿದ್ದ ದಿನಗಳಲ್ಲಿಯೇ, ಮೃಗಶಿರಾ ಮಳೆಯ ಜೊತೆಗೆ, ಸೂಪಾದ ದಾರಿ ಮುಚ್ಚುತ್ತಿತ್ತು.

ಇಂದು ಯಾರನ್ನು ಕೇಳಿದರೂ ಈ ಸೀಮೆಗೆ ಹೋಗಲು ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಪ್ರಶಸ್ತವೆಂದು ಹೇಳುತ್ತಾರೆ. ಮಳೆ ನಿಂತಿರುತ್ತದೆ, ಹಸುರು ಮಾಸಿರುವುದಿಲ್ಲ, ಹಳ್ಳಗಳು ತಿಳಿಯಾಗಿ ಹರಿಯುತ್ತಿರುತ್ತವೆ, ಬೆಳಗಿನ ಮಂಜು ಹಿತವಾಗಿರುತ್ತದೆ. ಈ ಉತ್ತರ ಕಾಲಾತೀತವಾದುದೆಂಬಂತೆ ತೋರುತ್ತದೆ. ಆದರೆ ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಒಬ್ಬ ವೈದ್ಯನಿಗೋ ಅರಣ್ಯಾಧಿಕಾರಿಗೋ ಹಾಕಿದ್ದರೆ, ಮಳೆ ನಿಂತ ಮೇಲಿನ ಆ ಸುಂದರ ತಿಂಗಳುಗಳಲ್ಲಿಯೇ ಅಲ್ಲಿ ರಾತ್ರಿ ತಂಗಬೇಡಿರೆಂದು ಆತ ಎಚ್ಚರಿಸುತ್ತಿದ್ದ. ಬೆಟ್ಟ ಅದೇ, ಮಳೆ ಅದೇ, ಮಂಜೂ ಅದೇ. ಹಾಗಾದರೆ ಬದಲಾದದ್ದು ಯಾವುದು? ಋತುವಿನ ಒಳಿತು ಕೆಡುಕುಗಳಿಗೂ ಒಂದು ಇತಿಹಾಸವಿದೆ ಎಂಬುದನ್ನು ಈ ಕಣಿವೆ ನಮಗೆ ತೋರಿಸಿಕೊಡುತ್ತದೆ.

ಮೊದಲು ನೆಲದ ರಚನೆಯನ್ನು ನೋಡೋಣ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಬಯಲುಸೀಮೆಗೂ ಸಹ್ಯಾದ್ರಿಯ ನೆತ್ತಿಗೂ ನಡುವೆ ಇರುವ ತಾಲೂಕುಗಳು; ಇವುಗಳಲ್ಲಿ ದಾಂಡೇಲಿ ಈಚೆಗೆ ಹಳಿಯಾಳದಿಂದ ಬೇರೆಯಾದುದು. ಮುಂಡಗೋಡ ಮತ್ತು ಹಳಿಯಾಳಗಳ ಪೂರ್ವದ ಅಂಚು ಧಾರವಾಡ, ಹಾವೇರಿಗಳ ಹೊಲಗಳಿಗೆ ಹೊಂದಿಕೊಂಡಿದೆ. ಅಲ್ಲಿಂದ ಪಶ್ಚಿಮಕ್ಕೆ ಹೋದಂತೆ ಕಾಡು ದಟ್ಟವಾಗುತ್ತದೆ, ಮಳೆ ಏರುತ್ತದೆ. ಸಮುದ್ರಮಟ್ಟದಿಂದ ಸುಮಾರು ಸಾವಿರದ ಐನೂರು ಅಡಿ ಎತ್ತರದಲ್ಲಿರುವ ದಾಂಡೇಲಿಯನ್ನು ದಾಟಿ ಜೋಯಿಡಾ ಸೇರಿ, ಗೋವೆಯ ಗಡಿಯ ಕ್ಯಾಸಲ್‌ರಾಕ್ ತಲುಪುವ ಹೊತ್ತಿಗೆ ಮಳೆ ಹಳಿಯಾಳದ ಹಲವು ಪಟ್ಟು ಆಗಿರುತ್ತದೆ. ಒಂದೇ ಆರ್ದ್ರಾ ಮಳೆ ಹಳಿಯಾಳದ ರೈತನಿಗೆ ಬಿತ್ತನೆಯ ಸಂತೋಷವಾದರೆ ಡಿಗ್ಗಿಯ ನಿವಾಸಿಗೆ ಸೆರೆವಾಸ. ಕಾಳಿ ನದಿ ಹುಟ್ಟುವುದು ಆ ಡಿಗ್ಗಿಯ ಬೆಟ್ಟಗಳಲ್ಲಿ. ಅಲ್ಲಿಂದ ಕಾರವಾರದ ಕಡಲಿಗೆ ಅದು ಹರಿಯುವ ದೂರ ಸುಮಾರು ೧೮೪ ಕಿಲೋಮೀಟರು.

ಈ ಕಣಿವೆಗೆ ಹೊರಗಿನವರು ಬಂದ ಕಥೆಗಳಲ್ಲಿ ಜನಮನದಲ್ಲಿ ಅತ್ಯಂತ ಆಳವಾಗಿ ಬೇರೂರಿರುವುದು ಶರಣರ ಕಥೆ. ಹನ್ನೆರಡನೆಯ ಶತಮಾನದಲ್ಲಿ, ೧೧೬೭-೬೮ರ ಸುಮಾರಿಗೆ, ಕಲ್ಯಾಣದಲ್ಲಿ ಬಿಜ್ಜಳನ ಆಳ್ವಿಕೆ ರಕ್ತಪಾತದಲ್ಲಿ ಕೊನೆಗೊಂಡಾಗ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರ ನೇತೃತ್ವದ ಒಂದು ಗುಂಪು ವಚನಗಳ ಕಟ್ಟುಗಳನ್ನು ಹೊತ್ತು ಪಶ್ಚಿಮಕ್ಕೆ ಬಂದು ಉಳವಿಯ ಕಾಡನ್ನು ಸೇರಿತೆಂದು ಪರಂಪರೆ ಹೇಳುತ್ತದೆ. ಚನ್ನಬಸವಣ್ಣನವರ ಸಮಾಧಿ ಅಲ್ಲಿಯೇ ಇದೆ. ಸುತ್ತಲಿನ ಕಾಡಿನಲ್ಲಿ ಮಹಾಮನೆ ಗವಿ, ಆಕಳ ಗವಿ, ಅಕ್ಕನಾಗಮ್ಮನ ಗವಿಗಳೆಂದು ಇಂದಿಗೂ ಭಕ್ತರು ಕೈಮುಗಿಯುವ ತಾಣಗಳಿವೆ. ಬೆನ್ನಟ್ಟಿ ಬರುವ ಸೈನ್ಯದಿಂದ ತಪ್ಪಿಸಿಕೊಂಡವನು ದಾರಿ ಸುಗಮವಾಗಿರುವ ಸ್ಥಳವನ್ನು ಹುಡುಕುವುದಿಲ್ಲ. ದಾರಿ ಇಲ್ಲದಿರುವುದೇ ಅವನಿಗೆ ರಕ್ಷಣೆ. ಆಶ್ರಯ ಬಯಸಿ ಬಂದವರಿಗೆ ಈ ಕಾಡಿನ ದುರ್ಗಮತೆಯೇ ಅದರ ಗುಣವಾಗಿತ್ತು.

ಈ ಮಾತು ಶರಣರಿಗೆ ಮಾತ್ರ ಅನ್ವಯಿಸುವುದಲ್ಲ. ಆಫ್ರಿಕದಿಂದ ಗುಲಾಮರಾಗಿ ಪೋರ್ಚುಗೀಸರ ಗೋವೆಗೆ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟವನ್ನು ಹತ್ತಿ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡುಗಳಲ್ಲಿ ನೆಲೆನಿಂತರು. ಅವರ ಸಂತತಿಯೇ ಇಂದಿನ ಸಿದ್ದಿ ಸಮುದಾಯ. ೨೦೦೩ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಒಡೆಯನ ಆಳುಗಳು ಹಿಂಬಾಲಿಸಲಾರದ ಕಾಲವೇ ಓಡಿಬಂದವನ ಪಾಲಿಗೆ ಒಳ್ಳೆಯ ಕಾಲ. ಕಾಡಿನ ಋತುಮಾನವನ್ನು ವಿಚಾರಿಸುವಾಗ, ಸುಖವಾಗಿ ಬಂದು ಹೋಗುವವರ ದೃಷ್ಟಿಯೊಂದೇ ದೃಷ್ಟಿಯಲ್ಲವೆಂಬುದಕ್ಕೆ ಇದು ಮೊದಲ ಸಾಕ್ಷಿ.

ಆದರೆ ಆಶ್ರಯದ ತಾಣ ಯಾತ್ರೆಯ ತಾಣವಾದೊಡನೆ ಲೆಕ್ಕ ಬದಲಾಗುತ್ತದೆ. ಉಳವಿಯ ಜಾತ್ರೆ ನಡೆಯುವುದು ಮಾಘಮಾಸದಲ್ಲಿ, ಭರತ ಹುಣ್ಣಿಮೆಯ ಹೊತ್ತಿಗೆ. ಧಾರವಾಡ, ಬೆಳಗಾವಿಗಳ ಕಡೆಯ ರೈತರು ಎತ್ತುಗಳಿಗೆ ಜೂಲು ಹೊದಿಸಿ, ಕೊರಳಿಗೆ ಗಂಟೆ ಕಟ್ಟಿ, ಬುತ್ತಿಯ ರೊಟ್ಟಿ ಕಟ್ಟಿಕೊಂಡು, ಚಕ್ಕಡಿಗಳ ಸಾಲಿನಲ್ಲಿ ಕಾಡಿನ ದಾರಿ ಹಿಡಿಯುತ್ತಾರೆ. ಮೋಟಾರು ಬಂದ ಮೇಲೂ ಚಕ್ಕಡಿಯಲ್ಲಿಯೇ ಉಳವಿಗೆ ಹೋಗುವ ಹರಕೆಯನ್ನು ಅನೇಕ ಮನೆತನಗಳು ಬಿಟ್ಟಿಲ್ಲ. ಈ ತಿಥಿಯ ಹಿಂದೆ ಧಾರ್ಮಿಕ ಕಾರಣಗಳಿರುವುದು ಸಹಜ. ಅದರ ಜೊತೆಗೆ ರೈತನ ವಿವೇಕವೂ ಇದರಲ್ಲಿ ಬೆರೆತಿರುವುದನ್ನು ಗಮನಿಸಬೇಕು. ಮಾಘದ ವೇಳೆಗೆ ಮುಂಗಾರಿನ ಫಸಲು ಮನೆ ಸೇರಿರುತ್ತದೆ, ಮುಂದಿನ ಉಳುಮೆ ಇನ್ನೂ ದೂರ, ಎತ್ತುಗಳಿಗೆ ಬಿಡುವು. ಮಳೆಗಾಲದ ಕೆಸರು ಒಣಗಿ ಗಾಲಿಗೆ ಗಟ್ಟಿ ನೆಲ ಸಿಕ್ಕಿರುತ್ತದೆ. ಹಳ್ಳಗಳು ಚಕ್ಕಡಿ ದಾಟುವಷ್ಟು ಇಳಿದಿದ್ದರೂ ಎತ್ತುಗಳಿಗೆ ಕುಡಿಯಲು ನೀರು ಇದ್ದೇ ಇರುತ್ತದೆ. ಬಿಸಿಲು ಸುಡುವಷ್ಟು ಏರಿಲ್ಲ. ಮೇಲಾಗಿ ಹುಣ್ಣಿಮೆ; ಹುಲಿ ಕಾಡುಕೋಣಗಳಿರುವ ಕಾಡಿನಲ್ಲಿ ರಾತ್ರಿ ನಡೆಯುವವರಿಗೆ ಬೆಳದಿಂಗಳಿಗಿಂತ ದೊಡ್ಡ ಉಪಕಾರ ಬೇರೆ ಯಾವುದು? ಗಾಲಿ, ನೀರು, ಬೆಳಕು, ಬಿಡುವು ಈ ನಾಲ್ಕೂ ಕೂಡಿಬರುವ ವಾರ ವರ್ಷಕ್ಕೆ ಹೆಚ್ಚು ಸಿಗುವುದಿಲ್ಲ. ಯಾವ ಕೈಪಿಡಿಯನ್ನೂ ಓದದ ಜನ ಆ ವಾರವನ್ನು ಹಿಡಿದುಕೊಂಡಿದ್ದಾರೆ.

ಯಾತ್ರಿಕನ ಲೆಕ್ಕ ಹೀಗಾದರೆ ಸೈನಿಕನದು ಇದಕ್ಕೆ ತೀರ ವಿರುದ್ಧವಾದುದು. ೧೭೯೯ರಲ್ಲಿ ಟಿಪ್ಪುವಿನ ಪತನದ ನಂತರ ಕನ್ನಡ ಜಿಲ್ಲೆ ಕಂಪನಿಯ ಕೈಸೇರಿತು. ಧಾರವಾಡ ಆಗ ಮರಾಠರದು. ಆದ್ದರಿಂದ ಹಳಿಯಾಳ ಗಡಿಯ ಠಾಣೆಯಾಯಿತು. ಮೈಸೂರಿನಲ್ಲಿ ಕಂಪನಿಯ ದಂಡನ್ನು ನಡೆಸುತ್ತಿದ್ದ, ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಲೋಕಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಈ ಹಳಿಯಾಳದ ಹೆಸರು ಬರುತ್ತದೆ. ೧೮೦೦ರಲ್ಲಿ ಆತ ಧೋಂಡಿಯಾ ವಾಘನನ್ನು ಬೆನ್ನಟ್ಟಿದ್ದು ನಡುಮಳೆಗಾಲದಲ್ಲಿ; ಧೋಂಡಿಯಾ ಹತನಾದದ್ದು ಆ ವರ್ಷದ ಸೆಪ್ಟೆಂಬರ್ ೧೦ರಂದು. ಈ ಅನುಭವದಿಂದ ವೆಲ್ಲೆಸ್ಲಿ ಒಂದು ಸಿದ್ಧಾಂತಕ್ಕೆ ಬಂದ. ಮರಾಠರ ಬಲ ಅವರ ಕುದುರೆಗಳಲ್ಲಿದೆ, ನದಿಗಳು ತುಂಬಿದಾಗ ಕುದುರೆ ದಾಟಲಾರದು. ದೋಣಿಗಳನ್ನು ಒದಗಿಸಿಕೊಳ್ಳಬಲ್ಲ ಸೈನ್ಯಕ್ಕೆ ಮಳೆಗಾಲವೇ ಯುದ್ಧಕ್ಕೆ ಯೋಗ್ಯಕಾಲ ಎಂಬುದು ಆತನ ವಾದ. ೧೮೦೩ರಲ್ಲಿ ಆತ ಅಹಮದನಗರವನ್ನು ಹಿಡಿದದ್ದು ಆಗಸ್ಟಿನಲ್ಲಿ, ಅಸ್ಸಾಯೆಯ ಕಾಳಗವನ್ನು ಗೆದ್ದದ್ದು ಸೆಪ್ಟೆಂಬರಿನಲ್ಲಿ. ಉಳಿದವರು ಮನೆಯ ಜಗಲಿ ಬಿಟ್ಟು ಇಳಿಯದ ತಿಂಗಳುಗಳನ್ನು ಆತ ತನ್ನವನ್ನಾಗಿ ಮಾಡಿಕೊಂಡ.

ಅದೇ ವರ್ಷಗಳಲ್ಲಿ ಬಂದ ಇನ್ನೊಬ್ಬ ಪರದೇಶಿ ಫ್ರಾನ್ಸಿಸ್ ಬುಕಾನನ್. ಹೊಸದಾಗಿ ಗೆದ್ದ ನಾಡಿನ ಬೆಳೆ, ಕಸುಬು, ಜನಜೀವನಗಳನ್ನು ಕಂಡು ವರದಿ ಮಾಡಲು ಕಂಪನಿ ಆತನನ್ನು ನೇಮಿಸಿತ್ತು. ಆತ ಕರಾವಳಿಯಿಂದ ಕಾಳಿಯ ಕಣಿವೆಯ ದಾರಿಯಲ್ಲಿ ಘಟ್ಟವನ್ನೇರಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳನ್ನು ಹಾದುಹೋದದ್ದು ೧೮೦೧ರ ಬೇಸಗೆಯ ಮೊದಲ ತಿಂಗಳುಗಳಲ್ಲಿ. ಪ್ರವಾಸದ ವರದಿ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಸೈನಿಕನಿಗೆ ತುಂಬಿದ ಹೊಳೆ ಬೇಕಾದರೆ, ಪ್ರತಿಯೊಂದು ಗಿಡವನ್ನು ನೋಡಿ ಪ್ರತಿಯೊಬ್ಬ ಒಕ್ಕಲಿಗನನ್ನು ಮಾತನಾಡಿಸುವವನಿಗೆ ಒಣಗಿದ ದಾರಿ ಬೇಕು. ಒಂದೇ ನಾಡು ಇಬ್ಬರಿಗೆ ಎರಡು ಪಂಚಾಂಗಗಳನ್ನು ಕೊಟ್ಟಿತು.

ಉತ್ತರ ಕನ್ನಡ ಜಿಲ್ಲೆ ೧೮೬೨ರಲ್ಲಿ ಮದ್ರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ ಮೇಲೆ ಮೂರನೆಯ ಬಗೆಯ ಆಗಂತುಕ ಬಂದ. ಈತ ಆಡಳಿತಗಾರ. ಮಳೆ ನಿಂತೊಡನೆ ಕಚೇರಿ ಬಿಟ್ಟು, ಡೇರೆ ಹೊರಿಸಿಕೊಂಡು ಫಿರತಿಗೆ ಹೊರಡುವುದು ಅಧಿಕಾರಿಗಳ ಪದ್ಧತಿ. ಕಾಡಿನ ಇಲಾಖೆಗೂ ಇದೇ ದುಡಿಮೆಯ ಹಂಗಾಮು. ಸಾಗುವಾನಿ ಮರ ಕಡಿಯುವುದೂ ದಿಮ್ಮಿಗಳನ್ನು ಎಳೆದು ಸಾಗಿಸುವುದೂ ಒಣ ತಿಂಗಳುಗಳಲ್ಲಿಯೇ ನಡೆಯಬೇಕು. ದಾಂಡೇಲಿಯ ಸಾಗುವಾನಿಗೆ ದೇಶದಲ್ಲೆಲ್ಲ ಹೆಸರಿತ್ತು. ಮುಂದೆ ಅಳ್ನಾವರದಿಂದ ಅಲ್ಲಿಯವರೆಗೆ ರೈಲುದಾರಿಯನ್ನು ಹಾಕಿದ್ದು ಮುಖ್ಯವಾಗಿ ಈ ಮರಕ್ಕಾಗಿ. ಆದರೆ ಡೇರೆ ಹಾಕುವ ಈ ಕಾಲಕ್ಕೆ ಸರಿಯಾಗಿ ಅಲ್ಲೊಂದು ಶತ್ರು ಕಾದಿರುತ್ತಿತ್ತು. ಅದು ಚಳಿಜ್ವರ. ೧೮೮೩ರಲ್ಲಿ ಎರಡು ಭಾಗಗಳಲ್ಲಿ ಹೊರಬಂದ ಮುಂಬಯಿ ಗ್ಯಾಝೆಟಿಯರಿನ ಕನ್ನಡ ಜಿಲ್ಲೆಯ ಸಂಪುಟದಿಂದ ಹಿಡಿದು ಅನಂತರದ ಸರಕಾರಿ ದಾಖಲೆಗಳವರೆಗೆ, ಘಟ್ಟದ ಮೇಲಿನ ಕಾಡುಸೀಮೆಯ ವಿಷಯ ಬಂದಾಗಲೆಲ್ಲ ಈ ಜ್ವರದ ನೆರಳು ಕಾಣುತ್ತದೆ. ಸೂಪಾಕ್ಕೆ ವರ್ಗವಾಯಿತೆಂದರೆ ಅದೊಂದು ಶಿಕ್ಷೆಯೆಂಬ ಭಾವನೆ ನೌಕರವರ್ಗದಲ್ಲಿ ಬಹುಕಾಲ ಉಳಿದಿತ್ತು.

ಆ ಕಾಲದ ವಿದ್ಯಾವಂತರು ಈ ಜ್ವರಕ್ಕೆ ಕೊಟ್ಟ ಕಾರಣ ಕೆಟ್ಟ ಗಾಳಿ. ಮಲೇರಿಯಾ ಎಂಬ ಇಟಾಲಿಯನ್ ಮೂಲದ ಶಬ್ದದ ಅರ್ಥವೇ ದುರ್ವಾಯು. ಮಳೆಗಾಲದಲ್ಲಿ ಕೊಳೆತ ಎಲೆಗಳಿಂದ, ಬಿಸಿಲು ಬಿದ್ದೊಡನೆ ವಿಷದ ಆವಿ ಏಳುತ್ತದೆಂದು ಅವರು ನಂಬಿದ್ದರು. ಕಾರಣ ತಪ್ಪಾಗಿದ್ದರೂ ಕಾಲದ ಗುರುತು ಬಹುಮಟ್ಟಿಗೆ ಸರಿಯಾಗಿತ್ತು. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಲೇರಿಯಾದ ಸೂಕ್ಷ್ಮಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ ಮೇಲೆ ನಿಜವಾದ ಕಾರಣ ತಿಳಿಯಿತು. ಸಹ್ಯಾದ್ರಿಯ ಈ ಭಾಗದಲ್ಲಿ ಜ್ವರವನ್ನು ಹರಡುವ ಮುಖ್ಯ ಸೊಳ್ಳೆಗೆ ವಿಜ್ಞಾನಿಗಳು ಇಟ್ಟ ಹೆಸರು ಅನಾಫಿಲಿಸ್ ಫ್ಲುವಿಯಾಟಿಲಿಸ್; ಅಂದರೆ ಹರಿಯುವ ನೀರಿಗೆ ಸೇರಿದ್ದು. ಕೊಳಚೆ ಗುಂಡಿಗಳಿಗಿಂತ ತಿಳಿನೀರಿನ ಹಳ್ಳಗಳ ಅಂಚು, ಹುಲ್ಲು ಬೆಳೆದ ಝರಿಗಳ ಬದಿ ಇದಕ್ಕೆ ಪ್ರಿಯ. ಮಳೆಗಾಲದ ರಭಸದ ನೀರು ಇದರ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ನಿಂತು, ನೀರು ತಿಳಿಯಾಗಿ, ಹರಿವು ಮೆಲ್ಲಗಾದಾಗ ಇದರ ಸಂತತಿ ಹೆಚ್ಚುತ್ತದೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ತಿಳಿಯಾದ ಝರಿ, ತಂಪಾದ ಸಂಜೆ, ಹಸುರು ದಂಡೆ, ಇವು ನಮ್ಮ ಕವಿಗಳು ಶರದೃತುವಿನಲ್ಲಿ ಕಂಡ ಸೌಂದರ್ಯದ ಲಕ್ಷಣಗಳು. ಇವೇ ಮಲೇರಿಯಾದ ಸೊಳ್ಳೆ ಬೆಳೆಯುವ ಲಕ್ಷಣಗಳೂ ಆಗಿದ್ದವು. ಸೂಪಾದ ಕಾಡಿನಲ್ಲಿ ಚೆಲುವೂ ಮೃತ್ಯುವೂ ಒಂದೇ ತಿಂಗಳಿನಲ್ಲಿ, ಒಂದೇ ಹಳ್ಳದ ದಂಡೆಯಲ್ಲಿ ಮನೆಮಾಡಿದ್ದವು. ಇಂದು ಪ್ರವಾಸಿ ಹಾತೊರೆಯುವ ಕಾಲ ಅಂದಿನ ತಾಯಂದಿರು ಮಕ್ಕಳನ್ನು ಎದೆಗವಚಿಕೊಂಡು ಅಂಜುತ್ತಿದ್ದ ಕಾಲ.

ಹೊರಗಿನಿಂದ ಬಂದವನು ಜ್ವರ ಹಿಡಿದರೆ ಧಾರವಾಡಕ್ಕೋ ಕಾರವಾರಕ್ಕೋ ಮರಳಬಹುದಿತ್ತು. ಅಲ್ಲಿಯೇ ಹುಟ್ಟಿದವರು ಎಲ್ಲಿಗೆ ಹೋಗಬೇಕು? ಕುಣಬಿಗಳು, ಮರಾಠಿಗರು, ಎಮ್ಮೆ ಮೇಯಿಸುವ ಗೌಳಿಗರು, ಸಿದ್ದಿಗಳು ವರ್ಷದ ಹನ್ನೆರಡು ತಿಂಗಳನ್ನೂ ಅಲ್ಲಿಯೇ ಕಳೆಯುವವರು. ಅವರ ಪಂಚಾಂಗ ಬೇರೆ. ಕುಮರಿ ಬೇಸಾಯ ನಡೆಯುತ್ತಿದ್ದ ಕಾಲದಲ್ಲಿ ಚಳಿಗಾಲದಲ್ಲಿ ಕಾಡಿನ ತುಂಡನ್ನು ಕಡಿದು, ಬೇಸಗೆಯಲ್ಲಿ ಒಣಗಿದ ಸೊಪ್ಪುಸದೆಗೆ ಬೆಂಕಿಯಿಟ್ಟು, ಮೊದಲ ಮಳೆಗೆ ಆ ಬೂದಿಯಲ್ಲಿ ರಾಗಿಯನ್ನು ಬಿತ್ತುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರ ಸಾಗುವಾನಿಯ ರಕ್ಷಣೆಗಾಗಿ ಕುಮರಿಯನ್ನು ಹಂತಹಂತವಾಗಿ ಅದುಮಿತು. ಆ ನಿರ್ಬಂಧ ಕುಣಬಿಗಳ ಊಟದ ಬಟ್ಟಲಿಗೆ ಕೈಹಾಕಿತಷ್ಟೇ ಅಲ್ಲ, ಅವರ ವರ್ಷದ ಕ್ರಮವನ್ನೇ ಮುರಿಯಿತು. ಉಳಿದದ್ದು ಕಣಿವೆಯ ತುಂಡುಗದ್ದೆಗಳ ಭತ್ತ, ಮನೆಯ ಹಿತ್ತಿಲಿನ ಗೆಡ್ಡೆಗೆಣಸು. ಈ ಗೆಡ್ಡೆಗಳನ್ನು ಅಗೆಯುವ ಕಾಲ ಚಳಿಗಾಲ. ಈಚಿನ ವರ್ಷಗಳಲ್ಲಿ ಜೋಯಿಡಾದಲ್ಲಿ ಜನವರಿಯ ಸುಮಾರಿಗೆ ಗೆಡ್ಡೆಗೆಣಸುಗಳ ಮೇಳವೊಂದು ನಡೆಯುತ್ತಿದ್ದು, ಕುಣಬಿ ಹೆಂಗಸರು ತಾವು ಕಾಪಾಡಿಕೊಂಡು ಬಂದ ತಳಿಗಳನ್ನು ತಂದು ಹರಡುತ್ತಾರೆ. ಪೇಟೆಯವರ ಕಣ್ಣಿಗೆ ಅದು ವೈವಿಧ್ಯ. ಅವರಿಗೆ ಅದು ಮಳೆಗಾಲವನ್ನು ದಾಟಿಸುತ್ತಿದ್ದ ಅನ್ನ.

ಜ್ವರದ ಕಥೆ ತಿರುವು ಪಡೆದದ್ದು ಎರಡನೆಯ ಮಹಾಯುದ್ಧದ ನಂತರ. ಡಿಡಿಟಿ ಎಂಬ ರಸಾಯನಕ್ಕೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆಯೆಂದು ಪಾಲ್ ಮುಲ್ಲರ್ ಕಂಡುಹಿಡಿದದ್ದು ೧೯೩೯ರಲ್ಲಿ. ೧೯೪೬ರಲ್ಲಿ ಮುಂಬಯಿ ಸರಕಾರ ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಧಾರವಾಡ ಮತ್ತು ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕಾರ್ಯವನ್ನು ಕೈಗೊಂಡಿತು. ಭಾರತದ ಗ್ರಾಮಾಂತರದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದ ಇಂತಹ ಮೊದಮೊದಲ ಪ್ರಯತ್ನಗಳಲ್ಲಿ ಇದೊಂದು. ಪರಿಣಾಮ ಬೇಗನೆ ಕಂಡಿತು, ಜ್ವರ ಇಳಿಯಿತು. ೧೯೫೩ರಲ್ಲಿ ಭಾರತ ಸರಕಾರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದಾಗ ಈ ಎರಡು ಜಿಲ್ಲೆಗಳ ಅನುಭವ ಅದರ ಹಿಂದಿತ್ತು. ನಮ್ಮ ಜಿಲ್ಲೆಗಳ ಇತಿಹಾಸವನ್ನು ಬರೆಯುವಾಗ ಅರಸರ ಯುದ್ಧಗಳಿಗೆ ಕೊಡುವ ಪುಟಗಳಲ್ಲಿ ಒಂದನ್ನಾದರೂ, ಪಂಪು ಹೊತ್ತು ಕಾಡಿನ ಹಳ್ಳಿಗಳಲ್ಲಿ ಅಲೆದ ಆ ಹೆಸರಿಲ್ಲದ ಕೂಲಿಗಳಿಗೆ ಮೀಸಲಿಡಬೇಕು. ಡಿಡಿಟಿಯ ಕೆಡುಕುಗಳನ್ನು ಜಗತ್ತು ಮುಂದೆ ಅರಿತುಕೊಂಡಿತು, ೧೯೬೨ರಲ್ಲಿ ರೇಚಲ್ ಕಾರ್ಸನ್ ಬರೆದ ಪುಸ್ತಕ ಲೋಕದ ಕಣ್ಣು ತೆರೆಸಿತು ಎಂಬುದು ನಿಜ. ಆದರೂ ಆ ಹೊತ್ತಿನಲ್ಲಿ ಆ ಮನೆಗಳಲ್ಲಿ ಉಳಿದ ಮಕ್ಕಳ ಲೆಕ್ಕವನ್ನು ಅದರಿಂದ ಅಳಿಸಲಾಗದು.

ಜ್ವರ ಹಿಂದೆ ಸರಿದೊಡನೆ ಕಾಡಿನ ಬಾಗಿಲು ಬೇರೆಯವರಿಗೂ ತೆರೆಯಿತು. ೧೯೫೫ರಲ್ಲಿ ದಾಂಡೇಲಿಯಲ್ಲಿ ಕಾಗದದ ಗಿರಣಿಯ ಕಂಪನಿ ಸ್ಥಾಪನೆಯಾಯಿತು. ಕಾಡಿನ ಬಿದಿರು ಅದರ ಕಚ್ಚಾಸಾಮಗ್ರಿ. ೧೯೫೬ರಲ್ಲಿ ಅಲ್ಲಿಯೇ ವನ್ಯಧಾಮವೂ ಆಯಿತು. ಕಡಿಯುವುದೂ ಕಾಯುವುದೂ ಒಂದೇ ದಶಕದಲ್ಲಿ, ಒಂದೇ ಕಾಡಿನಲ್ಲಿ ಆರಂಭವಾದವು. ಮಲೇರಿಯಾವನ್ನು ಕಾಡಿನ ಕಾವಲುಗಾರನೆಂದು ಹೊಗಳುವ ಮಾತು ಕೆಲವರಲ್ಲಿದೆ. ಅದನ್ನು ಒಪ್ಪುವುದು ಕಷ್ಟ. ಕಾವಲಿಗಾಗಿ ಪ್ರತಿವರ್ಷ ಕೂಸುಗಳನ್ನು ಬಲಿತೆಗೆದುಕೊಳ್ಳುವ ಕಾವಲುಗಾರ ಯಾರಿಗೂ ಬೇಡ. ಆದರೆ ಜ್ವರ ಹೋದ ಮೇಲೆ ಅದರ ಜಾಗದಲ್ಲಿ ಮನುಷ್ಯ ತನ್ನ ವಿವೇಕವನ್ನು ಕಾವಲಿಗೆ ನಿಲ್ಲಿಸಬೇಕಾಗಿತ್ತು. ಅದು ತಡವಾಗಿ ಬಂತು.

ಮುಂದಿನ ದೊಡ್ಡ ಬದಲಾವಣೆ ನೀರಿನದು. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿ ಸೂಪಾ ಎಂಬ ಊರಿತ್ತು. ತಾಲೂಕಿಗೆ ಹೆಸರು ಕೊಟ್ಟದ್ದು ಅದೇ. ೧೯೭೦ರ ದಶಕದಲ್ಲಿ ಆರಂಭವಾಗಿ ೧೯೮೭ರಲ್ಲಿ ಪೂರ್ಣಗೊಂಡ, ೧೦೧ ಮೀಟರು ಎತ್ತರದ ಅಣೆಕಟ್ಟು ಆ ಊರನ್ನೂ ಸುತ್ತಲಿನ ಹಳ್ಳಿಗಳನ್ನೂ ಮುಳುಗಿಸಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ನೆಲೆ ಕಳೆದುಕೊಂಡವರಲ್ಲಿ ಅನೇಕರಿಗೆ ರಾಮನಗರದಲ್ಲಿ ಜಾಗ ದೊರೆಯಿತು. ಶತಮಾನಗಳ ಕಾಲ ಪ್ರವಾಸಿಗಳೂ ಅಧಿಕಾರಿಗಳೂ ಯಾವ ಊರಿಗೆ ಯಾವಾಗ ಹೋಗಬೇಕೆಂದು ಚಿಂತಿಸುತ್ತಿದ್ದರೋ ಆ ಊರಿಗೆ ಈಗ ಹೋಗುವ ಕಾಲವೇ ಇಲ್ಲ. ನೀರು ಬಹಳ ಇಳಿದ ಬೇಸಗೆಗಳಲ್ಲಿ ಹಳೆಯ ಸೂಪಾದ ಕುರುಹುಗಳು ಕೆಸರಿನಿಂದ ತಲೆಯೆತ್ತುವುದುಂಟು. ಅಂದು ಊರನ್ನು ಬಿಟ್ಟವರು ಮಕ್ಕಳು ಮೊಮ್ಮಕ್ಕಳೊಡನೆ ಹೋಗಿ ನಿಲ್ಲಬಹುದಾದ ಋತು ಅದೊಂದೇ. ಬರಗಾಲವೇ ಅವರಿಗೆ ತವರಿನ ದಾರಿ.

ಅಣೆಕಟ್ಟು ಊರನ್ನು ಮುಳುಗಿಸಿದ್ದಲ್ಲದೆ ನದಿಯ ಋತುಗಳನ್ನೂ ಬದಲಿಸಿತು. ಮೊದಲು ಕಾಳಿ ಮಳೆಗಾಲದಲ್ಲಿ ಉಕ್ಕಿ, ಬೇಸಗೆಯಲ್ಲಿ ಬಂಡೆಗಳ ನಡುವೆ ಸೊರಗುತ್ತಿತ್ತು. ಈಗ ೧೪೦ ಟಿಎಂಸಿಗೂ ಮಿಕ್ಕ ನೀರು ಸೂಪಾದ ಹಿಂದೆ ನಿಲ್ಲುತ್ತದೆ. ಅಣೆಕಟ್ಟಿನ ಕೆಳಗೆ ಗಣೇಶಗುಡಿಯಿಂದ ದಾಂಡೇಲಿಯ ಕಡೆಗೆ ನದಿಯಲ್ಲಿ ಎಷ್ಟು ನೀರು ಹರಿಯುತ್ತದೆಂಬುದನ್ನು ನಿರ್ಧರಿಸುವುದು ಮೃಗಶಿರಾ ಆರ್ದ್ರಾಗಳಿಗಿಂತ ಹೆಚ್ಚಾಗಿ ನಾಡಿನ ವಿದ್ಯುತ್ತಿನ ಬೇಡಿಕೆ. ಬೆಂಗಳೂರಿನ ಬೇಸಗೆಯ ಪಂಖಗಳು ತಿರುಗಿದಾಗ ಕಾಳಿಯಲ್ಲಿ ನೀರು ಬರುತ್ತದೆ. ಕಡುಬೇಸಗೆಯಲ್ಲಿಯೂ ರಬ್ಬರು ದೋಣಿಗಳಲ್ಲಿ ಕುಳಿತು ಸೆಳವಿನ ಮೇಲೆ ಹಾರುವ ಯುವಕರು ನದಿಯ ಉತ್ಸಾಹವನ್ನು ಕಾಣುತ್ತಿದ್ದೇವೆಂದು ಭಾವಿಸುತ್ತಾರೆ. ಅವರು ಕಾಣುವುದು ಯಂತ್ರಗಳಿಂದ ಬಿಡುಗಡೆಯಾದ ನೀರನ್ನು.

ಹೊರಗಿನವರು ಕಾಡಿಗೆ ಬಂದ ಕಥೆಗಳ ಸಾಲಿನಲ್ಲಿ ಮುಂಡಗೋಡದ ಕಥೆ ವಿಶಿಷ್ಟವಾದುದು. ೧೯೬೬ರಲ್ಲಿ ಅಲ್ಲಿ ಟಿಬೇಟಿನ ನಿರಾಶ್ರಿತರಿಗೆ ನೆಲೆ ದೊರೆಯಿತು. ೧೯೬೯ರಲ್ಲಿ ಗಾಂದೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳು ಅಲ್ಲಿ ಮತ್ತೆ ತಲೆಯೆತ್ತಿದವು. ಹನ್ನೆರಡು ಹದಿಮೂರು ಸಾವಿರ ಅಡಿ ಎತ್ತರದ ತಂಪು ನೆಲದಲ್ಲಿ ಬೆಳೆದವರು ಎರಡು ಸಾವಿರ ಅಡಿಯೂ ಇಲ್ಲದ ಉಷ್ಣದ ನೆಲದಲ್ಲಿ ಮೆಕ್ಕೆಜೋಳವನ್ನೂ ಭತ್ತವನ್ನೂ ಬೆಳೆಯಲು ಕಲಿತರು. ಅವರಿಗೆ ಬಂದ ಋತುವನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಆದರೆ ಕ್ರಮೇಣ ಅವರೂ ತಮ್ಮದೊಂದು ಪಂಚಾಂಗವನ್ನು ರೂಪಿಸಿಕೊಂಡರು. ಮುಂಗಾರಿನಲ್ಲಿ ಬೇಸಾಯ, ಸುಗ್ಗಿಯ ಹೊತ್ತಿಗೆ ಅನೇಕ ಕುಟುಂಬಗಳು ಉಣ್ಣೆಯ ಸ್ವೆಟರುಗಳನ್ನು ಮಾರಲು ದೂರದೂರದ ನಗರಗಳಿಗೆ ಹೋಗುತ್ತವೆ, ಫೆಬ್ರುವರಿ ಮಾರ್ಚಿನ ಲೋಸರ್ ಹಬ್ಬದ ವೇಳೆಗೆ ಮರಳುತ್ತವೆ. ಪ್ರವಾಸಿಗಳು ಮುಂಡಗೋಡಕ್ಕೆ ಬರುವ ಚಳಿಗಾಲ, ಮುಂಡಗೋಡದವರು ಪ್ರವಾಸದಲ್ಲಿರುವ ಕಾಲ. ಎತ್ತರದ ಕಣಿವೆಯನ್ನು ನೋಡಬೇಕೆಂದು ಹಂಬಲಿಸುವ ನಮ್ಮವರು, ಅಂಥ ಕಣಿವೆಯನ್ನು ಶಾಶ್ವತವಾಗಿ ಕಳೆದುಕೊಂಡ ಈ ನೆರೆಯವರೊಡನೆ ಒಂದು ಸಂಜೆ ಮಾತನಾಡುವುದು ಒಳ್ಳೆಯದು. ಅದಕ್ಕೆ ಲೋಸರ್ ನಂತರದ ದಿನಗಳೇ ಲೇಸು.

ಹಾಗಾದರೆ ಇಂದಿನವರು ಯಾವಾಗ ಹೋಗಬೇಕು? ಹಿಂದಿನ ಜ್ವರದ ಭಯ ಈಗಿಲ್ಲದಿದ್ದರೂ ಎಚ್ಚರಿಕೆ ಪೂರ್ತಿ ತಪ್ಪಿಲ್ಲ. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉತ್ತರ ಕನ್ನಡಕ್ಕೂ ಹರಡಿದೆ. ಉಣುಗುಗಳಿಂದ ಬರುವ ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಇನ್ನು ಮಂಗಟ್ಟೆ ಹಕ್ಕಿಗಳನ್ನು ನೋಡಲು ದಾಂಡೇಲಿಗೆ ಹೋಗುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಚಳಿಗಾಲದ ಕೊನೆಯಿಂ���� ಬೇಸಗೆಯವರೆಗೆ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಯಿಟ್ಟು ಮರಿಮಾಡುತ್ತದೆ. ಗಂಡು ಸಣ್ಣ ಬಿರುಕಿನಿಂದ ಹಣ್ಣನ್ನು ತಂದು ಉಣಿಸುತ್ತದೆ. ಗದ್ದಲಕ್ಕೆ ಹೆದರಿ ಗಂಡು ದೂರವಾದರೆ ಒಳಗಿರುವ ತಾಯಿಯೂ ಮರಿಗಳೂ ಉಪವಾಸ. ದಾಂಡೇಲಿ ವನ್ಯಧಾಮವೂ ೧೯೮೭ರಲ್ಲಿ ಆದ ಅಣಶಿ ರಾಷ್ಟ್ರೀಯ ಉದ್ಯಾನವೂ ೨೦೦೭ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಒಂದಾದವು; ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ನಮಗೆ ರಜೆಯ ಕಾಲವಾದುದು ಕಾಡಿಗೆ ಹೆರಿಗೆಯ ಕಾಲವಾಗಿರಬಹುದೆಂಬ ನೆನಪು ನಮ್ಮ ದನಿಯನ್ನಾದರೂ ತಗ್ಗಿಸಬೇಕು.

ಒಂದೇ ಒಂದು ತಿಂಗಳನ್ನು ಹೇಳಿರೆಂದರೆ ಮಾಘಮಾಸವೆನ್ನುವುದೇ ಯುಕ್ತ. ಚಕ್ಕಡಿಗಳ ಹಿಂದೆ ಉಳವಿಗೆ ಹೋಗಿ, ಅಲ್ಲಿಂದ ಜೋಯಿಡಾದ ಗದ್ದೆಗಳನ್ನೂ ಸೂಪಾದ ಹಿನ್ನೀರನ್ನೂ ಕಂಡು, ಹಳಿಯಾಳದ ಮೇಲೆ ಮರಳಿದರೆ ಎಂಟು ಶತಮಾನಗಳ ದಾರಿಯನ್ನು ಒಂದು ವಾರದಲ್ಲಿ ನಡೆದಂತೆ. ಆದರೆ ಹಾಗೆ ಹೋದವರು ಮಳೆಗಾಲವನ್ನೂ ಮರೆಯಬಾರದು. ೨೦೧೧ರ ಜನಗಣತಿಯಂತೆ ಜೋಯಿಡಾ ತಾಲೂಕಿನ ಜನಸಂಖ್ಯೆ ಸುಮಾರು ಐವತ್ತೆರಡು ಸಾವಿರ. ಚದರ ಕಿಲೋಮೀಟರಿಗೆ ಮೂವತ್ತು ಮಂದಿಯೂ ಇಲ್ಲ, ರಾಜ್ಯದ ಸರಾಸರಿ ೩೧೯ ಆಗಿರುವಾಗ. ಇಷ್ಟು ಚದುರಿದ ಮನೆಗಳಿಗೆ ರಸ್ತೆ, ಸೇತುವೆ, ದವಾಖಾನೆಗಳು ನಿಧಾನವಾಗಿ ಬರುತ್ತವೆ. ಜೂನಿನಲ್ಲಿ ಹಳ್ಳ ಬಂದರೆ ಹೊರಗಿನ ಸಂಪರ್ಕ ಕಳೆದುಕೊಳ್ಳುವ ಮಜರೆಗಳು ಅಲ್ಲಿ ಇನ್ನೂ ಇವೆ. ಹೆರಿಗೆಯ ನೋವು ಬಂದವರನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಬೇಕಾಗುತ್ತದೆ. ಉಪ್ಪು, ಒಣಮೆಣಸಿನಕಾಯಿ, ಸೀಮೆಎಣ್ಣೆ, ಉರುವಲುಗಳನ್ನು ರೋಹಿಣಿ ಮಳೆಗೆ ಮುಂಚೆ ಕೂಡಿಡುವುದು ಅಲ್ಲಿನ ಹಿರಿಯರ ಹಳೆಯ ಪಾಠ. ಹೋಗುವ ಕಾಲವನ್ನು ನಾವು ಆರಿಸಿಕೊಳ್ಳಬಲ್ಲೆವು. ಮಾಘದಲ್ಲಿ ನಮಗೆ ದಾರಿ ತೋರಿಸಿ ನೀರು ಕೊಟ್ಟವರು ಆಷಾಢದಲ್ಲಿ ಆ ಹಳ್ಳವನ್ನು ಹೇಗೆ ದಾಟುತ್ತಾರೆಂದು ಕೇಳಿ ತಿಳಿದುಕೊಂಡು ಬರುವುದು ನಮ್ಮ ಪ್ರಯಾಣದ ಒಂದು ಭಾಗವಾಗಬೇಕು.